ಗೋಡೆ ಮೇಲೆ ಎನ್‌ಎಬಿಎಲ್ ಫ್ರೇಮ್ ಇತ್ತು, ಆದರೂ ನಮ್ಮ ರಿಪೋರ್ಟ್ ನಡೆಯಲಿಲ್ಲ. ಯಾಕೆ?

ಪೀಣ್ಯ ಎರಡನೇ ಹಂತ:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ, ಹದಿನಾಲ್ಕು ಜನ ಕೆಲಸ ಮಾಡ್ತೀವಿ. ಹೋದ ತಿಂಗಳು ಇಎನ್8 ಉಕ್ಕಿನ ಶಾಫ್ಟ್‌ಗಳ ಒಂದು ಲಾಟ್ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ತಿನಿಂದ ಮೇಲ್ಮೈ ಕಾಯಿಸಿ ಗಡಸು ಮಾಡೋದು) ಮಾಡಿಸಿ ಕಳಿಸಿದ್ದೆವು. ಟೆಂಪೋ ಹೋದ ಹಾಗೇ ವಾಪಸ್ ಬಂತು. ಡ್ರಾಯಿಂಗ್‌ನಲ್ಲಿ ಗಡಸುತನ 50ರಿಂದ 55 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಸ್ಕೇಲಿನ ಅಂಕ) ಅಂತಿದೆ. ಹೊರಗಿನ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿದಾಗ 51 ಬಂದಿತ್ತು, ಆ ರಿಪೋರ್ಟನ್ನೂ ಜೊತೆಗೆ ಇಟ್ಟಿದ್ದೆವು. ಗಿರಾಕಿ ಕಡೆಯವರು ತಮ್ಮ ಮೆಷಿನ್‌ನಲ್ಲಿ ನೋಡಿದರೆ 48 ಅಂತೆ. ನಮ್ಮ ರಿಪೋರ್ಟ್ ತೋರಿಸಿದರೆ "ಈ ಪರೀಕ್ಷೆಗೆ ಈ ಲ್ಯಾಬ್‌ಗೆ ಮಾನ್ಯತೆ ಇಲ್ಲ, ಇದು ನಡೆಯಲ್ಲ" ಅಂದುಬಿಟ್ಟರು.

ನಾನೇ ಲ್ಯಾಬ್‌ಗೆ ಹೋಗಿ ನೋಡಿದೆ. ಒಳಗೆ ಕಾಲಿಡುತ್ತಿದ್ದಂತೆ ಗೋಡೆ ಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಮಂಡಳಿ) ಫ್ರೇಮ್, ಪಕ್ಕದಲ್ಲೇ ಐಎಸ್‌ಒ 9001 ಸರ್ಟಿಫಿಕೇಟ್. 9001 ನಮ್ಮ ಆಫೀಸಿನಲ್ಲೂ ಇದೆ. ಇಷ್ಟೆಲ್ಲ ಇದ್ದೂ ರಿಪೋರ್ಟ್ ನಡೆಯಲ್ಲ ಅಂದರೆ ನಮ್ಮಂಥವರು ಯಾವುದನ್ನು ನಂಬಬೇಕು? ಮಾನ್ಯತೆ ಬೇರೆ, ಪ್ರಮಾಣಪತ್ರ ಬೇರೆ ಅಂತಾರೆ. ಏನು ವ್ಯತ್ಯಾಸ, ತಿಳಿದವರು ಬಿಡಿಸಿ ಹೇಳಿ.

ದಾಬಸ್‌ಪೇಟೆ ಟೂಲ್‌ರೂಮ್:
ಅಣ್ಣಾ, ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಇದೆಲ್ಲ ಕಾಗದದ ವ್ಯಾಪಾರ. ಆಡಿಟ್‌ಗೆ ಬರೋ ತಾರೀಖು ಮೊದಲೇ ಗೊತ್ತಿರುತ್ತೆ, ಅದರ ಹಿಂದಿನ ವಾರ ಫೈಲ್ ಎಲ್ಲ ತುಂಬ್ತಾರೆ, ಬಂದವರು ಸಹಿ ಹಾಕಿ ಹೋಗ್ತಾರೆ. ದುಡ್ಡು ಕೊಡೋದು ನಾವು, ರಿಪೋರ್ಟ್ ಬರೋದೂ ನಮ್ಮ ಮಾಲಿನ ಬಗ್ಗೇನೇ. ಮಾನ್ಯತೆ ಇರೋ ಲ್ಯಾಬ್ ಅಂತ ಎರಡು ಪಟ್ಟು ರೇಟ್ ಕೊಟ್ಟು ಟೆಸ್ಟ್ ಮಾಡಿಸಿದರೆ ಕಬ್ಬಿಣದ ಗಡಸುತನ ಜಾಸ್ತಿ ಆಗುತ್ತಾ?

ಕ್ಯಾಲಿಬ್ರೇಶನ್ ಬೆಂಚು:
ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಒಂಬತ್ತು ವರ್ಷದಿಂದ ಬೆಂಚಿನ ಮೇಲೆ ಕೆಲಸ ಮಾಡ್ತಿರೋಳು. ಪೀಣ್ಯ ಸರ್ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ.

ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಇದ್ದರೆ ಅದು ಆ ವಸ್ತುವಿಗೆ ಸಿಕ್ಕಿದ ಪ್ರಮಾಣೀಕರಣ. ಒಡವೆ ಮೇಲೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಇದ್ದರೆ ಅದೂ ವಸ್ತುವಿನ ಬಗ್ಗೆಯೇ. ನಿಮ್ಮ ಆಫೀಸಿನ 9001 ನಿಮ್ಮ ಕಂಪನಿಯ ವ್ಯವಸ್ಥೆಗೆ ಸಿಕ್ಕಿದ್ದು: ಆರ್ಡರ್ ತಗೊಳ್ಳೋದು, ದಾಖಲೆ ಇಡೋದು, ತಪ್ಪಾದರೆ ತಿದ್ದಿಕೊಳ್ಳೋದು ಒಂದು ಕ್ರಮದಲ್ಲಿ ನಡೀತಿದೆ ಅಂತ. ಅದನ್ನು ಕೊಡೋದು ಜಿನೀವಾದ ಐಎಸ್‌ಒ ಅಲ್ಲ. ಐಎಸ್‌ಒ ಮಾನಕ ಬರೆಯುತ್ತೆ, ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ. ಕೊಡೋದು ಪ್ರಮಾಣೀಕರಣ ಸಂಸ್ಥೆಗಳು.

ಮಾನ್ಯತೆ ಬೇರೆ. ಪರೀಕ್ಷೆ ಮಾಡೋರು, ತಪಾಸಣೆ ಮಾಡೋರು, ಸರ್ಟಿಫಿಕೇಟ್ ಕೊಡೋರು, ಇವರಿಗೆ ಆ ಕೆಲಸ ನಿಜವಾಗಿ ಬರುತ್ತಾ ಅಂತ ಪಕ್ಕದಲ್ಲಿ ನಿಂತು ನೋಡಿ ಹೇಳೋದು ಮಾನ್ಯತೆ. ಲ್ಯಾಬ್‌ಗಳಿಗೆ ಐಎಸ್‌ಒ/ಐಇಸಿ 17025 ಪ್ರಕಾರ ಎನ್‌ಎಬಿಎಲ್ ಕೊಡುತ್ತೆ. ತಪಾಸಣಾ ಸಂಸ್ಥೆಗಳಿಗೆ 17020, 9001 ಕೊಡೋ ಸಂಸ್ಥೆಗಳಿಗೆ 17021-1, ಇವೆರಡನ್ನೂ ಕೊಡೋದು ಎನ್‌ಎಬಿಸಿಬಿ. ಎರಡೂ ಮಂಡಳಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗೆ ಬರುತ್ತವೆ. ಹಾಗಾಗಿ "17025 ಸರ್ಟಿಫೈಡ್ ಲ್ಯಾಬ್" ಅಂತ ಯಾರಾದರೂ ಬೋರ್ಡ್ ಹಾಕಿದ್ದರೆ ಅಲ್ಲೇ ಒಂದು ಪ್ರಶ್ನೆ ಕೇಳಬೇಕು.

ಇನ್ನು ನಿಮ್ಮ ರಿಪೋರ್ಟ್. ಅದನ್ನೊಂದು ಸಲ ಕೈಗೆ ತಗೊಂಡು ನೋಡಿ ಸರ್. ಮೇಲ್ಗಡೆ ಎನ್‌ಎಬಿಎಲ್ ಚಿಹ್ನೆ ಇದೆಯಾ? ಕೆಳಗೆ ಟಿಸಿ ಅಂತ ಶುರುವಾಗೋ ಮಾನ್ಯತೆ ಸಂಖ್ಯೆ ಇದೆಯಾ? ಯುಎಲ್‌ಆರ್, ಅಂದರೆ ಪ್ರತಿ ರಿಪೋರ್ಟಿಗೂ ಬೇರೆಯಾಗಿ ಕೊಡೋ ಗುರುತಿನ ಸಂಖ್ಯೆ ಇದೆಯಾ?

ಪೀಣ್ಯ ಎರಡನೇ ಹಂತ:
ಈಗ ತೆಗೆದು ನೋಡಿದೆ ಮೇಡಂ. ಮೂರೂ ಇಲ್ಲ. ಲ್ಯಾಬ್ ಹೆಸರು, ವಿಳಾಸ, ಸಹಿ, ಸೀಲ್ ಅಷ್ಟೇ. ಅದೇ ಲ್ಯಾಬಿನ ಹಳೇ ಕೆಮಿಕಲ್ ರಿಪೋರ್ಟ್ ಹುಡುಕಿದೆ, ಅದರಲ್ಲಿ ಮೂರೂ ಇವೆ.

ಕ್ಯಾಲಿಬ್ರೇಶನ್ ಬೆಂಚು:
ಹಾಗಿದ್ದರೆ ಲ್ಯಾಬ್ ಸುಳ್ಳು ಹೇಳಿಲ್ಲ, ಆದರೆ ನಿಮಗೆ ಬಾಯಿಬಿಟ್ಟು ತಿಳಿಸಿಯೂ ಇಲ್ಲ. ಮಾನ್ಯತೆ ಇಡೀ ಲ್ಯಾಬ್‌ಗೆ ಸಿಗೋದಲ್ಲ, ಸ್ಕೋಪ್‌ಗೆ ಸಿಗೋದು. ಯಾವ ವಸ್ತು, ಯಾವ ಪರೀಕ್ಷೆ, ಯಾವ ವಿಧಾನ, ಎಷ್ಟರಿಂದ ಎಷ್ಟರವರೆಗೆ, ಪ್ರತಿಯೊಂದೂ ಪಟ್ಟಿಯಲ್ಲಿ ಬರೆದಿರುತ್ತೆ. ಅವರಿಗೆ ಕೆಮಿಕಲ್‌ಗೆ ಮಾನ್ಯತೆ ಇದ್ದು ರಾಕ್‌ವೆಲ್ ಸಿ ಸ್ಕೇಲಿಗೆ ಇಲ್ಲದೆ ಇರಬಹುದು. ಸ್ಕೋಪ್‌ನಲ್ಲಿಲ್ಲದ ಪರೀಕ್ಷೆಯ ರಿಪೋರ್ಟಿನ ಮೇಲೆ ಚಿಹ್ನೆ ಹಾಕುವಂತಿಲ್ಲ, ಅವರು ಹಾಕಿಲ್ಲ. ಫ್ರೇಮ್ ನೋಡಿ ಒಳಗೆ ಬಂದ ನಿಮಗೆ ಕೌಂಟರ್‌ನಲ್ಲೇ "ಇದು ನಮ್ಮ ಸ್ಕೋಪ್‌ನಲ್ಲಿಲ್ಲ, ನಡೆಯುತ್ತಾ?" ಅಂತ ಕೇಳಬೇಕಿತ್ತು. ಅದು ನನಗೆ ಬೇಜಾರಿನ ವಿಷಯ.

ಎನ್‌ಎಬಿಎಲ್ ಜಾಲತಾಣದಲ್ಲಿ ಲ್ಯಾಬ್ ಹೆಸರು ಹಾಕಿದರೆ ಸ್ಕೋಪ್ ಯಾರಿಗೆ ಬೇಕಾದರೂ ಸಿಗುತ್ತೆ.

ನಿವೃತ್ತ ಕ್ಯೂಸಿ, ಮಲ್ಲೇಶ್ವರ:
ಒಂದು ಮಾತು ಸೇರಿಸುತ್ತೇನೆ. ನಮ್ಮ ಕಾಲದಲ್ಲಿ ಲ್ಯಾಬ್‌ಗಳಿಗೆ ಐಎಸ್‌ಒ ಗೈಡ್ 25 ಅಂತಿತ್ತು. 17025 ಬಂದದ್ದು 1999ರಲ್ಲಿ, ಆಮೇಲೆ 2005, ಈಗಿನದು 2017ರದು. ಹಳೆಯ ಆವೃತ್ತಿಗಳಲ್ಲಿ "ಈ ದಾಖಲೆ ಇಡು, ಆ ಕೈಪಿಡಿ ಬರೆ" ಅನ್ನುವುದೇ ಹೆಚ್ಚು. 2017ರದು ನಿಷ್ಪಕ್ಷಪಾತಕ್ಕೆ ಯಾವ ಯಾವ ಕಡೆಯಿಂದ ಅಪಾಯ ಇದೆ ಎಂದು ಲ್ಯಾಬೇ ಗುರುತಿಸಿಕೊಳ್ಳಬೇಕು ಅನ್ನುತ್ತದೆ. ಟೂಲ್‌ರೂಮ್‌ನವರು ಎತ್ತಿದ "ದುಡ್ಡು ಕೊಡೋದು ನಾವೇ" ಅನ್ನುವ ಮಾತು ಅದರಲ್ಲಿ ನೇರವಾಗಿ ಬರುತ್ತದೆ. ಹಾಗೆಯೇ, ನಮ್ಮೂರಲ್ಲಿ ಸಿಎಂಟಿಐ, ಸಿಪಿಆರ್‌ಐನಂಥ ದೊಡ್ಡ ಸರ್ಕಾರಿ ಸಂಸ್ಥೆಗಳಿವೆ. ಅಲ್ಲಿಗೆ ಹೋದರೂ ಸ್ಕೋಪ್ ನೋಡಿಯೇ ಹೋಗಿ. ಹೆಸರಿನ ಗೌರವ ಬೇರೆ, ಆ ಒಂದು ಪರೀಕ್ಷೆಯ ಮಾನ್ಯತೆ ಬೇರೆ.

ದಾಬಸ್‌ಪೇಟೆ ಟೂಲ್‌ರೂಮ್:
ಮೇಡಂ, ಸ್ಕೋಪ್ ವಿಷಯ ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಉಳೀತು. ಹೇಳಿ ಬರೋ ಆಡಿಟ್‌ನಿಂದ ಕೆಲಸ ಬರುತ್ತೋ ಇಲ್ಲವೋ ಹೇಗೆ ಗೊತ್ತಾಗುತ್ತೆ?

ಕ್ಯಾಲಿಬ್ರೇಶನ್ ಬೆಂಚು:
ಒಂದು ದಿನ ನಡೆದದ್ದು ಹೇಳ್ತೀನಿ. ಅಸೆಸರ್ ಬಂದಿದ್ದರು. ಫೈಲ್ ಎಲ್ಲ ಸರಿಯಾಗಿತ್ತು. ಅವರು ಫೈಲ್ ಪಕ್ಕಕ್ಕಿಟ್ಟು ನಮ್ಮ ಹುಡುಗನಿಗೆ "ಬೆಳಗ್ಗೆ ಮೆಷಿನ್ ಚೆಕ್ ಮಾಡ್ತೀಯಲ್ಲ, ಹಾಗೇ ಮಾಡಿ ತೋರಿಸು" ಅಂದರು. ಅವನು ಟೆಸ್ಟ್ ಬ್ಲಾಕ್ (ಗಡಸುತನ ಮೊದಲೇ ಗೊತ್ತಿರೋ ಲೋಹದ ತುಂಡು) ಇಟ್ಟು ಮೆಷಿನ್‌ನ ಡೈಮಂಡ್ ಮೊನೆ ಇಳಿಸೋಕೆ ಹೊರಟ. ಅವರು ಕೈ ತಡೆದು ಬ್ಲಾಕ್ ಎತ್ತಿ ಮಗುಚಿ ನೋಡಿದರು. ಕೆಳಗಿನ ಮುಖದ ಮೇಲೂ ನಾಲ್ಕೈದು ಗುಳಿ. ಯಾರೋ ಮೇಲಿನ ಕಡೆ ಜಾಗ ಮುಗೀತು ಅಂತ ತಿರುಗಿಸಿ ಬಳಸಿದ್ದರು. ಗುಳಿಯ ಸುತ್ತ ಲೋಹ ಸಣ್ಣಗೆ ಉಬ್ಬಿರುತ್ತೆ, ಬ್ಲಾಕ್ ಆನ್ವಿಲ್ (ಮೆಷಿನ್‌ನ ಕೆಳಗಿನ ಪೀಠ) ಮೇಲೆ ಸಪಾಟಾಗಿ ಕೂರಲ್ಲ, ಒತ್ತಡ ಬಿದ್ದಾಗ ಒಂದಿಷ್ಟು ಕುಸಿಯುತ್ತೆ. ಆ ಕುಸಿತವನ್ನೂ ಮೆಷಿನ್ ಗುಳಿಯ ಆಳ ಅಂತಲೇ ಲೆಕ್ಕ ಹಾಕಿ ಗಡಸುತನ ಕಮ್ಮಿ ತೋರಿಸುತ್ತೆ. ಆನ್ವಿಲ್ ಮೇಲೆ ಒಂದು ಚೂರು ಕೊಳೆ ಇದ್ದರೂ ಹಾಗೇ. ಆ ಬ್ಲಾಕ್ ಅವತ್ತೇ ತೆಗೆದೆವು, ಆ ಬ್ಲಾಕ್ ಇಟ್ಟು ಚೆಕ್ ಮಾಡಿದ್ದ ದಿನಗಳ ರಿಪೋರ್ಟ್‌ಗಳನ್ನೆಲ್ಲ ಮತ್ತೆ ನೋಡಬೇಕಾಯ್ತು. ಆ ವಾರ ನನಗೆ ನಿದ್ದೆ ಬರಲಿಲ್ಲ. ಆದರೆ ಅವರು ಮಗುಚಿ ನೋಡಿದ್ದು ಒಳ್ಳೇದೇ ಆಯ್ತು.

ಎರಡನೇದು, ಪ್ರಾವೀಣ್ಯ ಪರೀಕ್ಷೆ. ಒಂದೇ ಥರದ ಸ್ಯಾಂಪಲ್ ಹತ್ತಾರು ಲ್ಯಾಬ್‌ಗಳಿಗೆ ಹೋಗುತ್ತೆ, ಸರಿ ಉತ್ತರ ಯಾರಿಗೂ ಗೊತ್ತಿರಲ್ಲ. ಎಲ್ಲರ ಫಲಿತಾಂಶದ ಜೊತೆ ಹೋಲಿಸಿ ಝೆಡ್ ಸ್ಕೋರ್ (ನಮ್ಮ ಉತ್ತರ ಎಷ್ಟು ದೂರ ಇದೆ ಅನ್ನೋ ಅಂಕ) ಕೊಡ್ತಾರೆ. 2ರ ಒಳಗಿದ್ದರೆ ಸರಿ, 2ರಿಂದ 3ರ ನಡುವೆ ಇದ್ದರೆ ಅನುಮಾನ, 3 ದಾಟಿದರೆ ಫೇಲ್. ಹಿಂದಿನ ವಾರ ಫೈಲ್ ತುಂಬಿ ಅದನ್ನು ಪಾಸ್ ಮಾಡೋಕೆ ಆಗಲ್ಲ.

ದಾಬಸ್‌ಪೇಟೆ ಟೂಲ್‌ರೂಮ್:
ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಒಂದೇ ಉತ್ತರ ಬರೆದರೆ?

ಕ್ಯಾಲಿಬ್ರೇಶನ್ ಬೆಂಚು:
ಆ ಅಪಾಯ ಇದೆ, ಇಲ್ಲ ಅನ್ನಲ್ಲ. ಪ್ರಾವೀಣ್ಯ ಪರೀಕ್ಷೆ ನಡೆಸೋರಿಗೇ 17043 ಅಂತ ಬೇರೆ ಮಾನಕ ಇದೆ, ಒಳಒಪ್ಪಂದ ತಡೆಯೋ ವ್ಯವಸ್ಥೆ ಇಟ್ಟುಕೊಳ್ಳಬೇಕು ಅಂತ ಅದರಲ್ಲಿದೆ. ಎಲ್ಲರಿಗೂ ಒಂದೇ ಮೌಲ್ಯದ ಸ್ಯಾಂಪಲ್ ಕಳಿಸದೆ ಇರೋದು ಅದರಲ್ಲಿ ಒಂದು ದಾರಿ.

ಜೆಪಿ ನಗರ ಅಪಾರ್ಟ್‌ಮೆಂಟ್ ಕಾರ್ಯದರ್ಶಿ:
ಕಬ್ಬಿಣದ ವಿಷಯ ನನಗೆ ಗೊತ್ತಿಲ್ಲ. ಆದರೆ ನಮ್ಮಲ್ಲೂ ಇದೇ ಜಗಳ. ಬೋರ್‌ವೆಲ್ ನೀರು ಮಾನ್ಯತೆ ಇರೋ ಲ್ಯಾಬ್‌ನಲ್ಲೇ ಟೆಸ್ಟ್ ಮಾಡಿಸಿದ್ದೆವು. ಚಿಹ್ನೆ, ಸಂಖ್ಯೆ ಎಲ್ಲ ಇತ್ತು, ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಎಲ್ಲ ಸರಿ ಅಂತ ಬಂತು. ಎರಡು ವಾರ ಆಗಲಿಲ್ಲ, ಮೂರು ಮನೆ ಮಕ್ಕಳಿಗೆ ವಾಂತಿ ಭೇದಿ. ಸಭೆಯಲ್ಲಿ ಎಲ್ಲರೂ ಲ್ಯಾಬನ್ನೇ ಬೈದರು. ನಾನು ರಿಪೋರ್ಟ್ ಮತ್ತೆ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: "ಮಾದರಿಯನ್ನು ಗ್ರಾಹಕರೇ ತಂದುಕೊಟ್ಟಿದ್ದಾರೆ, ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯ."

ತಂದುಕೊಟ್ಟವನು ನಮ್ಮ ಸೆಕ್ಯುರಿಟಿ. ವಿಚಾರಿಸಿದರೆ, ಬೋರ್‌ವೆಲ್ ಪಂಪಿನ ಹತ್ತಿರ ನಲ್ಲಿಯಿಂದ ಹಿಡಿದಿದ್ದಾನೆ, ಖಾಲಿ ಮಿನರಲ್ ವಾಟರ್ ಬಾಟಲಿಯಲ್ಲಿ. ಮನೆಗಳಿಗೆ ಹೋಗೋದು ಸಂಪ್‌ನ ನೀರು, ಅದಕ್ಕೆ ಟ್ಯಾಂಕರ್ ನೀರೂ ಸೇರುತ್ತೆ. ನಮ್ಮ ಸಂಪ್‌ನ ನೀರನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಅವನ ಮೇಲೆ ಸಿಟ್ಟು ಮಾಡೋಕೆ ನನಗೆ ಮನಸ್ಸಾಗಲಿಲ್ಲ. "ನೀರು ತಗೊಂಡು ಹೋಗಿ ಕೊಡು" ಅಂತ ಹೇಳಿದ್ದು ನಾನೇ.

ಕ್ಯಾಲಿಬ್ರೇಶನ್ ಬೆಂಚು:
ಮಕ್ಕಳು ಹುಷಾರಾಗಿದ್ದಾರಾ ಸರ್? ಮುಂದಿನ ಸಲ ಲ್ಯಾಬಿನವರೇ ಬಂದು ಮಾದರಿ ತೆಗೆಯಲಿ ಅಂತ ಕೇಳಿ, ಮಾದರಿ ಸಂಗ್ರಹವೂ ಅವರ ಸ್ಕೋಪ್‌ನಲ್ಲಿದೆಯಾ ನೋಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬಾಟಲಿ ಬೇಕು, ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಐಸ್ ಡಬ್ಬಿಯಲ್ಲಿ ಬೇಗ ಲ್ಯಾಬ್ ಸೇರಬೇಕು. 100 ಮಿಲಿಯಲ್ಲಿ ಇ. ಕೋಲಿ ಒಂದೂ ಕಾಣಬಾರದು ಅನ್ನೋದು ಮಾನಕ.

ಜೆಪಿ ನಗರ ಅಪಾರ್ಟ್‌ಮೆಂಟ್ ಕಾರ್ಯದರ್ಶಿ:
ಹುಷಾರಾಗಿದ್ದಾರೆ ಮೇಡಂ. ಸಂಪ್ ತೊಳೆಸಿದೆವು.

ಥರ್ಡ್ ಪಾರ್ಟಿ ತಪಾಸಣೆ:
ನಾನು ಪ್ರೆಷರ್ ವೆಸೆಲ್, ಕ್ರೇನ್ ತಪಾಸಣೆ ಮಾಡೋನು. ಲ್ಯಾಬ್ ಒಂದು ಸಂಖ್ಯೆ ಹೇಳುತ್ತೆ. ನಾವು ಬೆಸುಗೆ ನೋಡಿ, ಅದರ ಎಕ್ಸ್‌ರೇ ಫಿಲ್ಮ್ ನೋಡಿ, ಡ್ರಾಯಿಂಗ್ ನೋಡಿ "ಇದು ಸರಿಯಿದೆ" ಅಥವಾ "ಇಲ್ಲ" ಅಂತ ತೀರ್ಪು ಹೇಳಬೇಕು. ಅನುಭವದ ತೀರ್ಪು ಆದ್ದರಿಂದಲೇ 17020 ನಮ್ಮ ಸ್ವಾತಂತ್ರ್ಯವನ್ನೇ ಮೊದಲು ಕೇಳುತ್ತೆ. ಎ ಟೈಪ್ ಅಂದರೆ ಪೂರ್ತಿ ಹೊರಗಿನವರು. ತಾವು ತಪಾಸಣೆ ಮಾಡುವ ವಸ್ತುವಿನ ವಿನ್ಯಾಸ, ತಯಾರಿ, ಮಾರಾಟ ಯಾವುದರಲ್ಲೂ ಇರುವಂತಿಲ್ಲ. ಬಿ ಟೈಪ್ ತಮ್ಮದೇ ಸಂಸ್ಥೆಗೆ ಮಾತ್ರ ಮಾಡೋರು. ಸಿ ಟೈಪ್ ಒಂದು ಸಂಸ್ಥೆಯ ಭಾಗವಾಗಿದ್ದೂ ಹೊರಗಿನವರಿಗೂ ಮಾಡಿಕೊಡೋರು. ಟೆಂಡರ್‌ನಲ್ಲಿ "ಥರ್ಡ್ ಪಾರ್ಟಿ" ಅಂತ ಕೇಳಿದ್ದರೆ ಟೈಪ್ ಯಾವುದು ಅಂತ ನೋಡಿ. ಕೇಳೋರೇ ಕಮ್ಮಿ.

ಪೀಣ್ಯ ಸರ್, ನಿಮ್ಮ ಶಾಫ್ಟಿನ ವ್ಯಾಸ ಎಷ್ಟು? ಗಡಸುತನ ಎಲ್ಲಿ ನೋಡಿದ್ದಾರೆ, ದುಂಡು ಮೈ ಮೇಲೋ, ಕತ್ತರಿಸಿ ಮುಖದ ಮೇಲೋ?

ಪೀಣ್ಯ ಎರಡನೇ ಹಂತ:
ವ್ಯಾಸ 16 ಮಿ.ಮೀ. ಎರಡು ಕಡೆಯೂ ದುಂಡು ಮೈ ಮೇಲೇ ನೋಡಿರೋದು. ಯಾವ ಜಾಗ ಅಂತ ನಮ್ಮ ರಿಪೋರ್ಟಿನಲ್ಲೂ ಇಲ್ಲ, ಗಿರಾಕಿಯದರಲ್ಲೂ ಇಲ್ಲ.

ಕ್ಯಾಲಿಬ್ರೇಶನ್ ಬೆಂಚು:
ಥರ್ಡ್ ಪಾರ್ಟಿ ಸರ್ ಕೇಳಿದ್ದು ಸರಿಯಾದ ಪ್ರಶ್ನೆ. ದುಂಡು ಮೈ ಮೇಲೆ ಒತ್ತಿದರೆ ಅಕ್ಕಪಕ್ಕ ಆಸರೆ ಕಮ್ಮಿ, ಡೈಮಂಡ್ ಜಾಸ್ತಿ ಇಳಿಯುತ್ತೆ, ಸಂಖ್ಯೆ ಕಮ್ಮಿ ಬರುತ್ತೆ. ಅದಕ್ಕೆ ಮಾನಕದಲ್ಲೇ ತಿದ್ದುಪಡಿ ಪಟ್ಟಿ ಇದೆ, ವ್ಯಾಸ ಸಣ್ಣದಾದಷ್ಟೂ ಜಾಸ್ತಿ ಕೂಡಿಸಬೇಕು. 16 ಮಿ.ಮೀ.ಗೆ ಅದನ್ನು ಬಿಟ್ಟುಬಿಡೋ ಹಾಗಿಲ್ಲ. ಒಬ್ಬರು ಕೂಡಿಸಿ ಇನ್ನೊಬ್ಬರು ಕೂಡಿಸದೆ ಇದ್ದರೆ ವ್ಯತ್ಯಾಸದ ಒಂದು ಪಾಲು ಅಲ್ಲೇ ಸಿಗಬಹುದು.

ಇನ್ನೊಂದು ಲೆಕ್ಕ. ಎರಡು ಮೆಷಿನ್‌ಗೂ ಅನಿಶ್ಚಿತತೆ ಒಂದೊಂದು ಅಂಕ ಅಂತ ಇಟ್ಟುಕೊಳ್ಳಿ. ನಿಮ್ಮ 51 ಅಂದರೆ 50ರಿಂದ 52. ಅವರ 48 ಅಂದರೆ 47ರಿಂದ 49. ಎರಡೂ ಎಲ್ಲೂ ಸೇರಲ್ಲ. ಅಂದರೆ ಯಾರದೋ ಮೆಷಿನ್ ತಪ್ಪು, ಇಲ್ಲ ತಿದ್ದುಪಡಿ ತಪ್ಪು, ಇಲ್ಲ ಹಾರ್ಡನಿಂಗ್ ಆಗಿರೋ ಭಾಗದ ಅಂಚಿನಲ್ಲಿ ಒಬ್ಬರು ನೋಡಿದ್ದಾರೆ. ರಿಪೋರ್ಟಿನಲ್ಲಿ ಅನಿಶ್ಚಿತತೆ, ಜಾಗ, ತಿದ್ದುಪಡಿ ಮೂರೂ ಬರೆದಿದ್ದರೆ ಈ ಜಗಳ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಗಿರಾಕಿಯ ಮೆಷಿನ್ ಅವರ ಮನೆಯದು, ಅದೂ ಮಾನ್ಯತೆ ಇಲ್ಲದ್ದೇ ಇರಬಹುದು. ಅದನ್ನು ವಿನಯವಾಗಿ ಕೇಳಿ.

ದಾಬಸ್‌ಪೇಟೆ ಟೂಲ್‌ರೂಮ್:
ಮೇಡಂ, ಇದು ಕೆಲಸ ಗೊತ್ತಿರೋರ ಮಾತು. ಬ್ಲಾಕ್ ಮಗುಚಿ ನೋಡೋ ಅಸೆಸರ್ ಇದ್ದರೆ ನಾನೂ ಕೈ ಮುಗೀತೀನಿ. ಆದರೆ ರೇಟಿನ ಮಾತು ಬಿಡಲ್ಲ. ಶುಲ್ಕ, ಪ್ರಾವೀಣ್ಯ ಪರೀಕ್ಷೆ, ಮಾಸ್ಟರ್ ಕ್ಯಾಲಿಬ್ರೇಶನ್, ಎಲ್ಲ ಸೇರಿ ಸಣ್ಣ ಲ್ಯಾಬ್ ಮೇಲೆ ಬೀಳೋ ಹೊರೆ ಕೊನೆಗೆ ನಮ್ಮ ಬಿಲ್ಲಿಗೇ ಬರುತ್ತೆ. ಕೈಚಳಕ ಇರೋ ಹಳಬರ ಎರಡು ಲ್ಯಾಬ್ ಇದಕ್ಕೇ ಬಾಗಿಲು ಹಾಕಿದ್ದು ನನ್ನ ಕಣ್ಣಾರೆ ನೋಡಿದ್ದೀನಿ.

ಕ್ಯಾಲಿಬ್ರೇಶನ್ ಬೆಂಚು:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಹೊರೆ ಇರೋದು ನಿಜ. ಪ್ರತಿ ಟೆಸ್ಟಿಗೂ ಮಾನ್ಯತೆ ಬೇಕಾಗಿಲ್ಲ. ನಿಮ್ಮ ಒಳಗಿನ ಪ್ರೋಸೆಸ್ ಚೆಕ್‌ಗೆ ಹತ್ತಿರದ ಲ್ಯಾಬೇ ಸಾಕು. ಮಾಲು ಹೊರಗೆ ಹೋಗೋ ರಿಪೋರ್ಟಿಗೆ ಮಾತ್ರ ಸ್ಕೋಪ್ ನೋಡಿ ದುಡ್ಡು ಹಾಕಿ.

ಪೀಣ್ಯ ಎರಡನೇ ಹಂತ:
ಗಿರಾಕಿಯ ಕ್ವಾಲಿಟಿಯವರಿಗೆ ಫೋನ್ ಮಾಡಿದೆ. ತಿದ್ದುಪಡಿ ಕೂಡಿಸಿದ್ದೀರಾ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡಿ ಹೇಳ್ತೀವಿ" ಅಂದರು. ಇಬ್ಬರೂ ಒಪ್ಪಿದ ಲ್ಯಾಬ್‌ನಲ್ಲಿ ಮತ್ತೆ ಟೆಸ್ಟ್ ಮಾಡಿಸೋಣ ಅಂದೆ, ಸರಿ ಅಂದರು. ಸ್ಕೋಪ್ ಡೌನ್‌ಲೋಡ್ ಮಾಡಿ ರಾಕ್‌ವೆಲ್ ಸಿ ಇರೋ ಸಾಲಿಗೆ ಗೆರೆ ಎಳೆದು ಕಳಿಸಿದ್ದೀನಿ. ವಾಪಸ್ ಬಂದ ಲಾಟಿನಿಂದ ಮೂರು ಶಾಫ್ಟ್ ತಗೊಂಡು ಸೋಮವಾರ ನಾನೇ ಹೋಗ್ತೀನಿ. ಎಲ್ಲಿ ನೋಡಬೇಕು ಅಂತ ಬಿಳಿ ಪೇಂಟಿನಲ್ಲಿ ಗುರುತು ಹಾಕಿ ಆಯ್ತು.

ಥರ್ಡ್ ಪಾರ್ಟಿ ತಪಾಸಣೆ:
ಪೇಂಟ್ ಗುರುತು ನೋಡೋ ಜಾಗದ ಪಕ್ಕಕ್ಕಿರಲಿ ಸರ್, ಅದರ ಮೇಲೆ ಬೇಡ. ಆ ಮೈ ಶುಭ್ರವಾಗಿರಬೇಕು.

ಪೀಣ್ಯ ಎರಡನೇ ಹಂತ:
ಈಗಲೇ ಒರೆಸ್ತೀನಿ.