ಆರು ಬಣ್ಣ ತೋರಿಸಿದರೆ ಮೂರೇ ನೆನಪಿರುತ್ತದೆ, ತೊಂದರೆ ಏನಾದರೂ ಇದೆಯಾ?

ಬಳ್ಳಾರಿ ಟೈಲರ್:
ಅಕ್ಕನ ಮಗಳು ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಕಣ್ಣಲ್ಲಿ ನೋಡಿದ್ದು ತಲೆಯಲ್ಲಿ ಒಂದೆರಡು ಸೆಕೆಂಡ್ ಹೇಗೆ ನಿಲ್ಲುತ್ತದೆ ಅನ್ನೋದು ಅವಳ ವಿಷಯ. ಹಬ್ಬಕ್ಕೆ ಬಂದವಳು ಊಟ ಆದಮೇಲೆ ನನ್ನನ್ನೂ ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ಆರು ಬಣ್ಣದ ಚೌಕ ಫಳ್ ಅಂತ ಬಂದು ಹೋಗುತ್ತವೆ, ಒಂದು ಸೆಕೆಂಡ್ ಏನೂ ಇರಲ್ಲ, ಆಮೇಲೆ ಒಂದೇ ಚೌಕ ಬರುತ್ತದೆ, ಅದರ ಬಣ್ಣ ಮೊದಲಿದ್ದದ್ದೇನಾ ಬೇರೆನಾ ಹೇಳಬೇಕು. ಎಷ್ಟೋ ಸಲ ಊಹೆ ಹೊಡೆದೆ. ಕೊನೆಗೆ ‘ಮಾಮಾ, ನಿಮ್ದು ಮೂರು’ ಅಂದಳು. ಜೀನ್ಸ್ ಹೊಲಿಯೋ ಕೆಲಸದಲ್ಲಿ 22 ವರ್ಷ ಆಯಿತು, ಕರೆಂಟ್ ಹೋದರೂ ಯಾವ ದಾರದ ಕೋನ್ ಎಲ್ಲಿದೆ ಅಂತ ಕೈ ಹಾಕಿ ತೆಗೆಯುತ್ತೇನೆ. ಡಾಕ್ಟರಿಗೆ ತೋರಿಸಬೇಕಾ?

ರಾಯಚೂರು ಬಿಸಿಲು:
ಬೇಡ ಅಣ್ಣಾ, ಎಲ್ಲರದೂ ಹೆಚ್ಚುಕಮ್ಮಿ ಅಷ್ಟೇ. 1997ರಲ್ಲಿ ಅಮೆರಿಕದಲ್ಲಿ ಲಕ್ ಮತ್ತು ವೋಗೆಲ್ ಅನ್ನೋ ಇಬ್ಬರು ಸಂಶೋಧಕರು ಇದೇ ಥರ ಚೌಕಗಳನ್ನು 0.1 ಸೆಕೆಂಡ್ ತೋರಿಸಿ ನೋಡಿದರು. ಮೂರರವರೆಗೆ ತಪ್ಪು ಇಲ್ಲವೇ ಇಲ್ಲ ಅನ್ನಬಹುದು, ನಾಲ್ಕರಿಂದ ಮುಂದೆ ಜಾಸ್ತಿ ಆಗುತ್ತಾ ಹೋಯಿತು. ನಿಮ್ಮ ಕೋನ್ ಲೆಕ್ಕ ಬೇರೆ, ಅದು ವರ್ಷಗಟ್ಟಲೆ ಕೂತ ನೆನಪು. ಆಟದಲ್ಲಿ ಪ್ರತಿ ಸಲ ಬಣ್ಣ, ಜಾಗ ಬದಲಾಯಿಸೋದೇ ಆ ಹಳೇ ನೆನಪು ನೆರವಿಗೆ ಬರಬಾರದು ಅಂತ.

ಕೊಪ್ಪಳದವಳು:
ಮೂರು ಅಂದರೆ ಮೂರು ಸಲ ಸರಿ ಹೇಳಿದಿರಿ ಅಂತಲ್ಲ. ಬಣ್ಣ ಬದಲಾದ 100 ಸಲದಲ್ಲಿ 70 ಸಲ ಹಿಡಿದಿರಿ, ಬದಲಾಗದ 100ರಲ್ಲಿ 20 ಸಲ ಸುಮ್ನೆ ‘ಬೇರೆ’ ಅಂದಿರಿ ಅಂದುಕೊಳ್ಳಿ. 0.7ರಲ್ಲಿ 0.2 ಕಳೆದರೆ 0.5, ಆರು ಚೌಕಕ್ಕೆ ಗುಣಿಸಿ, 3 ಬಂತು. ನೆಲ್ಸನ್ ಕೋವನ್ ಅನ್ನೋ ಸೈಕಾಲಜಿ ಸಂಶೋಧಕರ ಲೆಕ್ಕ ಇದು. ಊಹೆ ಹೊಡೆದದ್ದು ಹೀಗೆ ಕಳೆದುಹೋಗುತ್ತದೆ.
ಆದರೆ ತಲೆಯಲ್ಲಿ ಮೂರು ನಾಲ್ಕು ಖಾನೆ ಇವೆ ಅನ್ನೋದನ್ನು ಎಲ್ಲರೂ ಒಪ್ಪಲ್ಲ. ಬೇಸ್ ಮತ್ತು ಹುಸೇನ್ ಅನ್ನೋ ಸಂಶೋಧಕರು 2008ರಲ್ಲಿ ಬೇರೆ ಮಾತು ಹೇಳಿದರು. ಇರೋ ನೆನಪಿನ ಶಕ್ತಿಯನ್ನೇ ಎಲ್ಲಕ್ಕೂ ಹಂಚಬೇಕು, ಸಾರಿಗೆ ನೀರು ಬೆರೆಸಿದ ಹಾಗೆ, ಚೌಕ ಜಾಸ್ತಿ ಆದಷ್ಟೂ ಒಂದೊಂದರ ನೆನಪೂ ತೆಳುವಾಗುತ್ತದೆ ಅಂತ. ಜಗಳ ಇನ್ನೂ ಮುಗಿದಿಲ್ಲ, ನನಗೆ ಎರಡನೇದೇ ಸರಿ ಅನ್ನಿಸುತ್ತದೆ.

ಬಳ್ಳಾರಿ ಟೈಲರ್:
ಓಹ್, ಊಹೆಗೂ ಕಳೆಯುತ್ತಾರಾ! ನನಗೂ ಆ ಸಾರಿನ ಮಾತೇ ಸರಿ ಅನ್ನಿಸಿತು ತಂಗಿ. ನೀಲಿ ಚೌಕ ಬಂದಾಗಲೆಲ್ಲ ಇದು ಇಂಡಿಗೋನಾ, ವಾಶ್ ಆಗಿರೋ ನೀಲಿನಾ ಅಂತಲೇ ಮನಸ್ಸು ಹೋಗುತ್ತಿತ್ತು, ಉಳಿದ ಐದು ಏನಾದವೋ. ನಾಳೆ ಊಟಕ್ಕೆ ಮುಂಚೆ ಇನ್ನೊಂದು ರೌಂಡ್ ಕೂರಿಸು ಅಂದಿದ್ದೇನೆ.