ಸಿಕ್ಕಿದ್ದನ್ನೆಲ್ಲ ನಂಬುವ ಮಕ್ಕಳಿಗೆ ಆಕರಗಳನ್ನು ಒರೆಗೆ ಹಚ್ಚೋದು ಹೇಗೆ ಕಲಿಸಿದಿರಿ? ನಿಮ್ಮ ಅನುಭವ ಹೇಳಿ

ಕೇಳಿದ್ದು

ಆರು, ಏಳನೇ ತರಗತಿಯ ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟರೆ ಹುಡುಕಿದಾಗ ಮೊದಲು ಸಿಕ್ಕಿದ್ದನ್ನೇ ಇಳಿಸಿಕೊಂಡು ಬರ್ತಾರೆ. ಎಲ್ಲಿಂದ ತಗೊಂಡೆ ಅಂದ್ರೆ ‘ಗೂಗಲ್’ ಅನ್ನೋದೇ ಉತ್ತರ. ಪುಸ್ತಕ, ವಿಡಿಯೊ, ವೆಬ್‌ಸೈಟ್, ಯಾವುದನ್ನ ಎಷ್ಟು ನಂಬಬೇಕು ಅಂತ ಈ ವಯಸ್ಸಿಗೆ ಹೇಗೆ ಕಲಿಸೋದು? ಒಳ್ಳೇ ಚೆಕ್‌ಲಿಸ್ಟ್ ಇದ್ದರೆ ಕೊಡಿ.

ಸಮಾಜ ವಿಜ್ಞಾನ ಶಿಕ್ಷಕಿ

ಚೆಕ್‌ಲಿಸ್ಟ್ ಬೇಡ ಅಂತಲೇ ಶುರು ಮಾಡ್ತೀನಿ. ಲೇಖಕರ ಹೆಸರಿದೆಯಾ, ದಿನಾಂಕ ಇದೆಯಾ, ‘ನಮ್ಮ ಬಗ್ಗೆ’ ಪುಟ ಇದೆಯಾ ಅಂತ ಮಕ್ಕಳು ಟಿಕ್ ಹಾಕ್ತಾ ಹೋಗ್ತಾರೆ. ಎಲ್ಲಕ್ಕೂ ಟಿಕ್ ಬೀಳುತ್ತೆ, ಪುಟ ಮಾತ್ರ ಶುದ್ಧ ಸುಳ್ಳು. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ 1998ರಲ್ಲಿ ಶುರುವಾದ ಒಂದು ತಮಾಷೆಯ ವೆಬ್‌ಸೈಟ್ ಇದೆ. ವೈಜ್ಞಾನಿಕ ಹೆಸರು, ಫೋಟೊ, ಅಳಿವಿನಂಚಿನ ಪ್ರಾಣಿಯನ್ನು ಉಳಿಸಿ ಅನ್ನೋ ಮನವಿ, ಯಾವುದಕ್ಕೂ ಕೊರತೆಯಿಲ್ಲ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಏಳನೇ ತರಗತಿಯವರಿಗೆ ತೋರಿಸಿದಾಗ, ಚೆನ್ನಾಗಿ ಓದಬಲ್ಲ ಮಕ್ಕಳೇ ಹೆಚ್ಚುಕಮ್ಮಿ ಎಲ್ಲರೂ ನಂಬಿಬಿಟ್ಟಿದ್ದರು.

ಓದಲು ಬರಲ್ಲ ಅಂತಲ್ಲ. ಪುಟದೊಳಗೇ ಕೂತು ಆ ಪುಟ ನಿಜವಾ ಅಂತ ಹುಡುಕೋದೇ ಎಡವಟ್ಟು. ದೊಡ್ಡವರೂ ಹೀಗೇ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹೊರತಂದ ಅಧ್ಯಯನದಲ್ಲಿ ಇತಿಹಾಸಕಾರರು ಕೂಡ ಅಂದಚೆಂದದ ಪುಟಗಳಿಗೆ ಮರುಳಾಗಿದ್ದರು. ವೃತ್ತಿಯಲ್ಲಿ ಫ್ಯಾಕ್ಟ್‌ಚೆಕ್ ಮಾಡುವವರು ಮಾತ್ರ ಬೇಗ ಹೊರಬಂದು, ಇವರ ಬಗ್ಗೆ ಬೇರೆಯವರು ಏನಂತಾರೆ ಅಂತ ಪಕ್ಕದ ಟ್ಯಾಬ್‌ನಲ್ಲಿ ನೋಡಿದರು.

ನನ್ನ ತರಗತಿಯಲ್ಲಿ ನಿಯಮ ಇಷ್ಟೇ: ಪುಟ ತೆರೆದ ಕೂಡಲೇ ಓದೋ ಹಾಗಿಲ್ಲ. ಹೊಸ ಟ್ಯಾಬ್‌ನಲ್ಲಿ ಆ ಸಂಸ್ಥೆಯ ಹೆಸರು ಹಾಕು, ಬಂದ ಪಟ್ಟಿಯನ್ನು ಕೊನೇವರೆಗೆ ನೋಡು, ಆಮೇಲೆ ಒತ್ತು. ಶುರುವಲ್ಲಿ ಚಡಪಡಿಸ್ತಾರೆ, ಕೈ ತಾನಾಗಿ ಮೊದಲನೆಯದಕ್ಕೆ ಹೋಗುತ್ತೆ. ಒಮ್ಮೆ ನಿದ್ರೆ ಬಗ್ಗೆ ಹುಡುಕುತ್ತಿದ್ದ ಹುಡುಗಿಯೊಬ್ಬಳು “ಮಿಸ್, ಇವರು ಹಾಸಿಗೆ ಮಾರೋರು!” ಅಂತ ಕೂಗಿದಳು. ಹಾಗಾದರೆ ಅವರು ಬರೆದದ್ದೆಲ್ಲ ಸುಳ್ಳಾ ಅಂತ ಕೇಳಿದೆ. ಇಡೀ ತರಗತಿ ಅದರ ಮೇಲೇ ವಾದಕ್ಕಿಳಿಯಿತು. ಹಿಂದಿನ ಬೆಂಚಿನ ಹುಡುಗ ಹೇಳಿದ್ದು: “ಸುಳ್ಳಿರಲ್ಲ ಮಿಸ್, ಆದ್ರೆ ಹಳೇ ಹಾಸಿಗೆಯಲ್ಲೂ ನಿದ್ದೆ ಬರುತ್ತೆ ಅಂತ ಬರೆಯಲ್ಲ.” ನಾನು ಹೇಳಿಕೊಡಬೇಕಿದ್ದದ್ದನ್ನ ಅವನೇ ಹೇಳಿಬಿಟ್ಟಿದ್ದ.

ವಿಕಿಪೀಡಿಯ ಮುಟ್ಟಬೇಡಿ ಅಂತ ಗದರಿಸೋದೂ ಬೇಡ. ಕೆಳಗಿನ ಉಲ್ಲೇಖಗಳಿಗೆ ಹೋಗೋದನ್ನ, ಆ ಲೇಖನದ ‘ಇತಿಹಾಸ’ ಪುಟ ತೆರೆದು ಅದರಲ್ಲಿ ಏನೇನು ಬದಲಾಗಿದೆ ಅಂತ ನೋಡೋದನ್ನ ಕಲಿಸಿ.

ಶಾಲಾ ಗ್ರಂಥಪಾಲಕ

ಎಲ್ಲರೂ ಇಂಟರ್ನೆಟ್ ಹಿಂದೆಯೇ ಬೀಳ್ತಾರೆ. ಅಚ್ಚಾದದ್ದೆಲ್ಲ ಸತ್ಯ ಅನ್ನೋ ನಂಬಿಕೆಯೂ ಅಷ್ಟೇ ಗಟ್ಟಿ. ಸೌರವ್ಯೂಹದ ಹಳೇ, ಹೊಸ ಪುಸ್ತಕಗಳನ್ನು ರಟ್ಟಿಗೆ ಕಾಗದ ಸುತ್ತಿ ಕೊಡಿ. ಗ್ರಹ ಎಷ್ಟು ಅಂತ ಕೇಳಿ. ಒಂದು ಗುಂಪು ಒಂಬತ್ತು ಅನ್ನುತ್ತೆ, ಇನ್ನೊಂದು ಎಂಟು. ಜಗಳ ಹತ್ತಲಿ. ಆಮೇಲೆ ಪ್ರಕಟಣೆಯ ವಿವರ ಇರೋ ಪುಟ ತೆಗೆಸಿ. ಪ್ಲೂಟೊವನ್ನು ಕುಬ್ಜ ಗ್ರಹ ಅಂತ ಮಾಡಿದ್ದು 2006ರಲ್ಲಿ. ಅದಕ್ಕಿಂತ ಮುಂಚಿನ ಲೇಖಕರು ಸುಳ್ಳು ಬರೆದಿರಲಿಲ್ಲ ಅನ್ನೋದನ್ನೂ ಮಕ್ಕಳ ಬಾಯಲ್ಲೇ ಹೇಳಿಸಿ.

ಇಲ್ಲೊಂದು ಗುಂಡಿ ಇದೆ, ಎಚ್ಚರ. ಮರುಮುದ್ರಣದ ವರ್ಷ ನೋಡಿ ಪುಸ್ತಕ ಹೊಸದು ಅಂದುಕೊಳ್ತಾರೆ. 2015ರ ಮರುಮುದ್ರಣದೊಳಗೆ 1995ರ ಮಾತೇ ಇರಬಹುದು. ‘ಪರಿಷ್ಕೃತ ಆವೃತ್ತಿ’ ಅಂತ ಇದ್ದರೆ ಮಾತ್ರ ಯಾರೋ ಒಳಗೆ ಕೈಯಾಡಿಸಿದ್ದಾರೆ ಅಂತ ಅರ್ಥ. ಬೆನ್ನುಡಿ ಹೊಗಳಿಕೆಗೇ ಇರೋದು, ಅದನ್ನ ವಿಮರ್ಶೆ ಅಂತ ಓದಬಾರದು. ಕಥೆ, ಕಾದಂಬರಿಗೆ ಮಾತ್ರ ಈ ಅಳತೆಗೋಲು ಹಿಡಿಯಬೇಡಿ. ಹಳೇ ಕಥೆಗೆ ವಯಸ್ಸಾಗಿದೆ ಅಂತ ಮೂಲೆಗೆ ಸರಿಸುವ ಮಕ್ಕಳನ್ನೂ ನೋಡಿದ್ದೀನಿ.

ಪೋಷಕರೊಬ್ಬರು

ಜಾಹೀರಾತನ್ನ ಸೇರಿಸಿ ಮೇಡಂ. 2016ರ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದರಲ್ಲಿ ಮಾಧ್ಯಮಿಕ ಶಾಲೆಯ 80%ಗೂ ಹೆಚ್ಚು ಮಕ್ಕಳು, ‘ಪ್ರಾಯೋಜಿತ’ ಅಂತ ಬರೆದಿದ್ದರೂ ಅದನ್ನು ಸುದ್ದಿ ಅಂತಲೇ ತಿಳಿದಿದ್ದರು. ನನ್ನ ಮಗನಿಗೂ ಆ ಪದ ಕಾಣ್ತಿತ್ತು, ಹಾಗಂದ್ರೆ ಯಾರೋ ದುಡ್ಡು ಕೊಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ವಿಜ್ಞಾನ ಶಿಕ್ಷಕ

ಮೇಲಿನವರ ಮಾತು ಒಪ್ಪುತ್ತೀನಿ, ಆದರೆ ಒಂದು ತಕರಾರಿದೆ. ಬರೀ ಸುಳ್ಳು ಪುಟಗಳನ್ನೇ ತೋರಿಸ್ತಾ ಹೋದರೆ ಮಕ್ಕಳು ಬುದ್ಧಿವಂತರಾಗಲ್ಲ, ಸಿನಿಕರಾಗ್ತಾರೆ. ಏನು ತೋರಿಸಿದರೂ “ಫೇಕ್ ಸರ್” ಅಂದುಬಿಟ್ಟರೆ ಕೆಲಸ ಮುಗೀತಲ್ಲ! ಅದು ಪರಿಶೀಲನೆಯಲ್ಲ, ಸೋಮಾರಿತನ. ಹಾಗಾಗಿ ನಂಬಲಾಗದಂಥ ನಿಜಗಳನ್ನೂ ಬೆರೆಸ್ತೀನಿ. ಆಕ್ಟೋಪಸ್‌ಗೆ ಮೂರು ಹೃದಯ, ರಕ್ತ ನೀಲಿ. ಆಸ್ಟ್ರೇಲಿಯಾದ ವೊಂಬ್ಯಾಟ್ ಅನ್ನೋ ಪ್ರಾಣಿ ಹಾಕೋ ಹಿಕ್ಕೆ ಘನಾಕೃತಿ. ಇದು ಸುಳ್ಳೇ ಅಂತ ಪಂಥ ಕಟ್ಟಿದವರು ನಾಲ್ಕು ಕಡೆ ಹುಡುಕಿ, ಪೆಚ್ಚಾಗಿ ಬರ್ತಾರೆ. ಯಾವುದನ್ನ ನಂಬಬಹುದು ಅಂತ ತೀರ್ಮಾನಿಸೋದು ಕಷ್ಟದ ಕೆಲಸ, ಅಭ್ಯಾಸ ಬೇಕಿರೋದು ಅದಕ್ಕೇ.

ಚಾಟ್‌ಬಾಟ್ ಕೊಡೋ ಪುಸ್ತಕದ ಹೆಸರುಗಳನ್ನ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಹುಡುಕಿಸಿ. ಕೆಲವು ಪುಸ್ತಕ ಇರೋದೇ ಇಲ್ಲ.

ಕೇಳಿದವರು

ಇದಕ್ಕೆ ಅಂಕ ಹೇಗೆ ಕೊಡ್ತೀರಿ?

ಸಮಾಜ ವಿಜ್ಞಾನ ಶಿಕ್ಷಕಿ

ಆಕರ ಎಷ್ಟು ಅಂತ ಎಣಿಸಲ್ಲ. ಪ್ರತಿಯೊಂದರ ಕೆಳಗೆ ಎರಡು ವಾಕ್ಯ ಬರೆಸ್ತೀನಿ: ಇದನ್ನ ಯಾಕೆ ನಂಬಿದೆ, ಬೇರೆ ಯಾರು ಇದೇ ಮಾತು ಹೇಳ್ತಾರೆ. ನೋಡಿ ಕೈಬಿಟ್ಟ ಆಕರವನ್ನೂ ಕಾರಣ ಸಮೇತ ಬರೆದರೆ ಅದಕ್ಕೂ ಅಂಕ ಇದೆ. ‘ಚೆನ್ನಾಗಿತ್ತು’ ಅಂತ ಬರೆದರೆ ಸೊನ್ನೆ.