ಡಿಜೆ ರಾತ್ರಿನ 150 ಬಿಪಿಎಂ (ನಿಮಿಷಕ್ಕೆ 150 ಬೀಟ್) ಕಡೆ ಹೊರಳಿಸಬೇಕಾ? 120 ಜನರ ಹಾಲ್, ರಾತ್ರಿ ಒಂದಕ್ಕೆ ಬಾಗಿಲು ಮುಚ್ಚಬೇಕು. ಮಾಡಿ ನೋಡಿದವರು ಅನುಭವ ಹೇಳಿ

ನಿಧಾನ_ನಾಲ್ಕುತಾಳ:
ಬೆಂಗಳೂರು. ಮೂರನೇ ಮಹಡಿ ಹಾಲ್, 40 ಬೈ 28 ಅಡಿ, ಎತ್ತರ 11, ಒಂದು ಬದಿ ಪೂರ್ತಿ ಗಾಜು. ಸಬ್ (ಬೇಸ್ ಬಾಕ್ಸ್) ಎರಡು, 18 ಇಂಚಿನವು. ತಿಂಗಳಿಗೊಂದು ರಾತ್ರಿ, ಎಂಟರಿಂದ ಒಂದು. ಇಷ್ಟು ವರ್ಷ ಡೀಪ್ ಹೌಸ್, ಮಿನಿಮಲ್ ಥರದ ನಿಧಾನದ ಡಾನ್ಸ್ ಸಂಗೀತ, 122ರಿಂದ 126 ಬಿಪಿಎಂ. ಹಳೇ ಜನ ಮದುವೆ, ಮಗು, ಬೆಳಗಿನ ಮೀಟಿಂಗ್ ಅಂತ ಕರಗಿಹೋದ್ರು. ಈಗ ಬರೋರು 21-24ರವರು. ಹತ್ತೂವರೆಗೇ ಬೂತ್ ಹತ್ರ ಬಂದು "ಅಣ್ಣಾ, ಸ್ವಲ್ಪ ಫಾಸ್ಟ್" ಅಂತಾರೆ. ಕೇಳೋದು ಮೂರೇ: ಹಾರ್ಡ್ ಟೆಕ್ನೋ (150ರ ಆ ಬಿರುಸು ಸಂಗೀತ) ಕಡೆ ಹೋದವರಿಗೆ ಏನಾಯ್ತು? ಬಾಕ್ಸ್ ಬದಲಾಯಿಸಬೇಕಾಯ್ತಾ? ಯಾರೂ ವಿಡಿಯೊ ತೆಗೀಬಾರ್ದು ಅಂತ ಫೋನ್ ಕ್ಯಾಮೆರಾಗೆ ಸ್ಟಿಕರ್ ಹಾಕಿದವರು ಇದ್ದೀರಾ?

ಸುಟ್ಟಕಾಯಿಲ್:
ಹೋಗಿ, ಧಾರಾಳವಾಗಿ ಹೋಗಿ. ಅದಕ್ಕೂ ಮುಂಚೆ ಆಂಪ್ ಪಕ್ಕ ಕೂತು ಲೆಕ್ಕ ಹಾಕಿ. ಬಾಕ್ಸ್ ಸಾಯೋದು ವೇಗದಿಂದಲ್ಲ, ಬಿಡುವಿಲ್ಲದೆ. 124ರ ಹಳೇ ಹೌಸ್ ಟ್ರ್ಯಾಕ್‌ನಲ್ಲಿ ಪೀಕ್‌ಗೂ ಸರಾಸರಿಗೂ ಹೆಚ್ಚುಕಮ್ಮಿ 12 ಡಿಬಿ ಅಂತರ. ಕಿಕ್ (ಡ್ರಮ್ಮಿನ ದಪ್ಪ ಏಟು) ಬಡೀತು, ಸುಮ್ಮನಾಯ್ತು, ಆ ಸಂದಿಯಲ್ಲಿ ಸ್ಪೀಕರ್ ಒಳಗಿನ ಕಾಯಿಲ್ (ತಂತಿಸುರುಳಿ) ತಣ್ಣಗಾಯ್ತು. ಈಗಿನವರು ಕಿಕ್‌ನ ಬಾಲಕ್ಕೇ ರಿವರ್ಬ್ (ಪ್ರತಿಧ್ವನಿ) ಕಟ್ಟಿ, ಅದನ್ನ ಡಿಸ್ಟಾರ್ಟ್ ಮಾಡಿ, ಪ್ರತಿ ಕಿಕ್‌ಗೂ ತಗ್ಗಿ ಏಳೋ ಹಾಗೆ ಸೈಡ್‌ಚೈನ್ ಹಾಕಿ ಗುಡುಗಿಸ್ತಾರಲ್ಲ, ಆ ರಂಬಲ್ ಸಂದಿಯನ್ನೆಲ್ಲ ತುಂಬಿಬಿಡುತ್ತೆ. ಅಂತರ 6 ಡಿಬಿಗೆ ಇಳಿಯುತ್ತೆ. ಮಿಕ್ಸರ್ ಮೀಟರ್ ನೋಡಿದ್ರೆ ಪೀಕ್ ಅಲ್ಲೇ ಇದೆ, ಕೆಂಪು ಮುಟ್ಟಿಲ್ಲ. ಸಬ್‌ಗೆ ಹೋಗ್ತಿರೋ ಸರಾಸರಿ ಪವರ್ ಮಾತ್ರ ನಾಲ್ಕು ಪಟ್ಟು. ವಾಸನೆ ಬರೋ ಹೊತ್ತಿಗೆ ಕೆಲಸ ಮುಗಿದಿರುತ್ತೆ.

ನನ್ನ ಬಿಲ್: ಸುಟ್ಟ ಸಬ್‌ಗಳ ರೀಕೋನ್ (ಕೋನು, ಕಾಯಿಲ್ ಹೊಸದು ಹಾಕೋದು) ಎರಡು, ತಲಾ 7,800. ಅದು ಬರೋತನಕ ಬದಲಿ ಸಬ್ ಬಾಡಿಗೆ 9,000. ಆಮೇಲೆ ಬುದ್ಧಿ ಬಂದು ತಗೊಂಡ ಡಿಎಸ್‌ಪಿ (ಸದ್ದನ್ನ ಹಿಡಿತದಲ್ಲಿಡೋ ಪೆಟ್ಟಿಗೆ) 28,000. ಒಟ್ಟು 52,600, ಆಟೋ ಚಾರ್ಜ್ ಬಿಟ್ಟು.

ಈಗಿರೋ ಸೆಟ್ಟಿಂಗ್: ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದು ಕತ್ತರಿಸೋದು) 32 ಹರ್ಟ್ಸ್, 24 ಡಿಬಿ ಇಳಿಜಾರು. ಕ್ರಾಸೋವರ್ (ಸಬ್ ಮುಗಿದು ಮೇಲಿನ ಬಾಕ್ಸ್ ಶುರುವಾಗೋ ಜಾಗ) 90 ಹರ್ಟ್ಸ್. ಪೀಕ್ ಲಿಮಿಟರ್ ಒಂದೇ ಸಾಲದು. ಆರ್‌ಎಂಎಸ್ (ಸರಾಸರಿ) ಲಿಮಿಟರ್ ಬೇರೆ ಬೇಕು, ಡ್ರೈವರ್‌ನ ನಿರಂತರ ರೇಟಿಂಗ್‌ಗಿಂತ 3 ಡಿಬಿ ಕೆಳಗೆ. ಪಾಸ್‌ವರ್ಡ್ ಹಾಕಿ. ಗೆಸ್ಟ್ ಡಿಜೆ "ಸ್ವಲ್ಪ ಬಿಡಿ" ಅಂತ ಹಲ್ಲು ಕಿರಿದ್ರೂ ಕೊಡಬೇಡಿ.

ಮುಳ್ಳುಸೂಜಿ:
ಯುಎಸ್‌ಬಿ ಚುಚ್ಚಿ 150 ಒತ್ತೋರಿಗೆ ಇಂಥ ಕಷ್ಟವೇ ಬರೋದು. ರೆಕಾರ್ಡ್ ಹಾಕೋ ಜಾಗದಲ್ಲಿ ಈ ಪ್ರಶ್ನೆ ಹುಟ್ಟೋದೇ ಇಲ್ಲ, ಯಾಕಂದ್ರೆ ಯಂತ್ರವೇ ಬಿಡಲ್ಲ. ಟೆಕ್ನಿಕ್ಸ್ 1200 ಟರ್ನ್‌ಟೇಬಲ್‌ನ ಪಿಚ್ (ವೇಗ ಏರಿಳಿಸೋ ಪಟ್ಟಿ) ±8%. 125ರ ಟ್ರ್ಯಾಕ್ ಎಷ್ಟು ತಳ್ಳಿದ್ರೂ 135. ಅಲ್ಲಿಗೆ ಮುಗೀತು. ಆ ಕಟ್ಟುಪಾಡೇ ಒಂದು ಸಂಗೀತ ಕೊಟ್ಟಿದ್ದು.

ಖರ್ಚಿನ ಮಾತು ಬಂತಲ್ಲ, ಕೇಳಿ. 13 ಯೂರೋದ 12 ಇಂಚಿನ ರೆಕಾರ್ಡ್, ಹತ್ತು ಒಟ್ಟಿಗೆ ತರಿಸಿದ್ರೂ ಅಂಚೆ, ಕಸ್ಟಮ್ಸ್ ಸೇರಿ ಮನೆಬಾಗಿಲಿಗೆ ತಲಾ 2,400ಕ್ಕೆ ಕಮ್ಮಿ ಇಲ್ಲ. ಹತ್ತರಲ್ಲಿ ಒಂದು ಬಿಸಿಲಿಗೆ ಹಪ್ಪಳ ಆಗಿಯೇ ಬರುತ್ತೆ. ಸೂಜಿ: ಶೂರ್‌ನವರು 2018ರಲ್ಲಿ ಕಾರ್ಟ್ರಿಜ್ ಮಾಡೋದನ್ನೇ ನಿಲ್ಲಿಸಿದ ಮೇಲೆ ಆರ್ಟೊಫೋನ್ ಕಾನ್ಕಾರ್ಡ್, 3ರಿಂದ 4 ಗ್ರಾಂ ಭಾರ, ತಕ್ಕಡಿ ಇಟ್ಟು ತೂಗಿ, ಕಣ್ಣಂದಾಜು ಬೇಡ. ಸಬ್‌ನ ಅದುರು ಟೋನ್‌ಆರ್ಮ್‌ಗೆ ಹತ್ತಿ 40 ಹರ್ಟ್ಸ್ ಸುತ್ತ ಹೂಂ ಅಂತ ಊಳಿಡುತ್ತೆ. ಮದ್ದು: ಡೆಕ್ ಕೆಳಗೆ ಎರಡಿಂಚಿನ ಗ್ರಾನೈಟ್ ಚಪ್ಪಡಿ, ಅದರ ಕೆಳಗೆ ಅರ್ಧ ಕತ್ತರಿಸಿದ ಟೆನಿಸ್ ಚೆಂಡು. ಮರದ ವೇದಿಕೆ ಮೇಲೆ ಬೂತ್ ಇಡಲೇಬೇಡಿ, ಸಬ್ ಇರೋ ವೇದಿಕೆ ಮೇಲಂತೂ.

ಸುಟ್ಟಕಾಯಿಲ್:
@ಮುಳ್ಳುಸೂಜಿ ±8 ಹಳೇ ಮಾತು ಸಾರ್. 2019ರ 1200 ಎಂಕೆ7 ಮಾಡೆಲ್‌ಗೆ ±16 ಸ್ವಿಚ್ ಇದೆ. 125 ಹೋಗಿ 145 ಆಗುತ್ತೆ. ಕಟ್ಟುಪಾಡು ಯಂತ್ರದ್ದಲ್ಲ, ನಿಮ್ಮದು.

ಮುಳ್ಳುಸೂಜಿ:
16 ಹಾಕಿದ ಟ್ರ್ಯಾಕ್ ಕೇಳಿದ್ದೀರಾ? ಸ್ವರ ಎರಡೂವರೆ ಸೆಮಿಟೋನ್ (ಅರ್ಧಸ್ವರ) ಮೇಲೇರಿ ಹಾಡೋರು ಅಳಿಲಾಗ್ತಾರೆ. ಸಿಡಿಜೆಯಲ್ಲಿ (ಡಿಜಿಟಲ್ ಪ್ಲೇಯರ್) ಸ್ವರ ಏರದ ಹಾಗೆ ಹಿಡಿಯೋ ಕೀ ಲಾಕ್ ಒತ್ತಿದ್ರೂ ಕಿಕ್‌ನ ಮೂತಿ ಸವೆದಿರುತ್ತೆ. ನಿಮಗೆ ಗೊತ್ತಾಗ್ತಿಲ್ಲ ಅಂದ್ರೆ ಅದು ಕಾಯಿಲ್ ಸುಟ್ಟ ಪರಿಣಾಮ ಇರಬಹುದು.

ಓಂಬೀಚ್_ಮಾವ:
ಎಂತ ಮಾರಾಯ್ರೆ, 145 ಅಂದ್ರೆ ನಿನ್ನೆ ಹುಟ್ಟಿದ ಹಾಗೆ ಮಾತಾಡ್ತೀರಿ. ಗೋವಾದ ಅಂಜುನಾದಿಂದ ಗೋಕರ್ಣದವರೆಗೆ ಸೈಟ್ರಾನ್ಸ್ ಸಂಗೀತ 140-148ರಲ್ಲಿ ಓಡ್ಲಿಕ್ಕೆ ಶುರುವಾಗಿ ಎಷ್ಟು ಕಾಲ ಆಯ್ತು! ರೆಕಾರ್ಡ್ ಬಗ್ಗೆ ಭಕ್ತಿ ಬೇಡ. ಗೋವಾದ ಶೆಕೆಗೆ ರೆಕಾರ್ಡ್ ಬಾಗ್ತದೆ ಅಂತ ಆಗಿನವರು ಡ್ಯಾಟ್ ಟೇಪ್ (ಡಿಜಿಟಲ್ ಕ್ಯಾಸೆಟ್) ಹಿಡಿದವರು. ಡ್ಯಾಟ್‌ಗೆ ಪಿಚ್ ಇಲ್ಲ, ಬೀಟ್ ಕೂಡಿಸ್ಲಿಕ್ಕೆ ಆಗುದಿಲ್ಲ. ಹಾಗಾಗಿ ಹಾಡಿನ ತಲೆ-ಬುಡದಲ್ಲಿ ಉದ್ದ ಬೀಟಿಲ್ಲದ ಭಾಗ, ಒಂದರ ಬಾಲ ಇನ್ನೊಂದರ ತಲೆ ಮೇಲೆ. ಆ ಎಂಟೊಂಬತ್ತು ನಿಮಿಷದ ಹಾಡಿಗೆ ನಿಲ್ಲುವ ಜನ ಈಗ ಇಲ್ಲ, ಅದೇ ಬದಲಾದದ್ದು. ಮೂರನೇ ನಿಮಿಷಕ್ಕೆ ಡ್ರಾಪ್ (ಬೀಟ್ ಅಪ್ಪಳಿಸುವ ಜಾಗ) ಬಾರದಿದ್ರೆ ರೀಲ್ಸ್ ನೋಡ್ಲಿಕ್ಕೆ ಹೋಗ್ತಾರೆ.

ಮತ್ತೆ ಬಯಲಿನ ಕಷ್ಟ ಹೇಳ್ತೇನೆ, ಹಾಲಿನವರು ಅಳುದು ನಿಲ್ಲಿಸಿ. ಜನರೇಟರ್ 62.5 ಕೆವಿಎ, ಸೌಂಡ್ ಒಂದಕ್ಕೇ. ಲೈಟ್, ಬಾರ್, ಫ್ರಿಜ್ಜು ಅದಕ್ಕೆ ಸಿಕ್ಕಿಸಿದ್ರೆ ಕಂಪ್ರೆಸರ್ ಹತ್ತಿದಾಗೆಲ್ಲ ವೋಲ್ಟೇಜ್ ಬಿದ್ದು ಆಂಪ್ ಪ್ರೊಟೆಕ್ಟಿಗೆ ಹೋಗ್ತದೆ. ಅರ್ತಿಂಗ್ ರಾಡ್ ನೀವೇ ತನ್ನಿ. ಒಣ ಮರಳಿನಲ್ಲಿ ಅರ್ತಿಂಗ್ ಹಿಡಿಯುದಿಲ್ಲ, ಉಪ್ಪು-ಇದ್ದಿಲು ಹಾಕಿ ಎರಡು ಕೊಡ ನೀರು ಹೊಯ್ಯಬೇಕು, ನಡುರಾತ್ರಿ ಮತ್ತೊಮ್ಮೆ.

ಲೆಕ್ಕದಮೇಷ್ಟ್ರು:
ನಡುರಾತ್ರಿ ಅಂತೆ! 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸ್ಪೀಕರ್ ಬಂದ್. ಮಾವನವರಿಗೆ ಕಡಲೇ ಸಾಕ್ಷಿ ಅನ್ಸುತ್ತೆ.

ಸ್ಟಿಕರ್ ಬಗ್ಗೆ ಇನ್ನೂ ಯಾರೂ ಬಾಯಿಬಿಟ್ಟಿಲ್ಲ, ನಾನೇ ಹೇಳ್ತೀನಿ. ಬರ್ಲಿನಿನ ಬರ್ಗ್‌ಹೈನ್ ಕ್ಲಬ್ ಹಾಕುತ್ತೆ ಅಂತ ಎಲ್ಲರೂ ಹಾಕೋಕೆ ಹೊರಟಿದ್ದಾರೆ. ಫೋನಿಗೆ ಹಿಂದೆ ಮೂರು ಕಣ್ಣು, ಮುಂದೆ ಒಂದು. 120 ಜನಕ್ಕೆ 480, ಕಿತ್ತು ಬರೋದಕ್ಕೆ ಇನ್ನೂರು ಜಾಸ್ತಿ. ದೊಡ್ಡದೊಂದು ಅಂಟಿಸಿ ಮೂರನ್ನೂ ಮುಚ್ಚೋಣ ಅಂದ್ರೆ ಲೆನ್ಸ್ ಉಬ್ಬಿರೋದ್ರಿಂದ ಅಂಚು ಕೂರಲ್ಲ. 19 ಮಿಲಿಮೀಟರ್‌ನ ಬಿಡಿ ಸ್ಟಿಕರೇ ಗತಿ. ಪಿವಿಸಿ ತಗೊಂಡ್ರೆ ಬೆವರಿನ ಕೈಗೆ ಗೋಂದು ಕರಗಿ ಲೆನ್ಸ್ ಮೇಲೆ ಪದರ ಕೂರುತ್ತೆ, ಮರುದಿನ ಫೋನ್ ಮಾಡಿ ಬೈತಾರೆ. ಕಾಗದದ್ದು, ಕಿತ್ತರೆ ಬರೋ ಗೋಂದಿನದು, ಸಾವಿರಕ್ಕೆ 650. ಅದು ಖರ್ಚೇ ಅಲ್ಲ. ಖರ್ಚು ಸಮಯ: ತಲೆಗೆ 40 ಸೆಕೆಂಡ್, 120 ತಲೆಗೆ 80 ನಿಮಿಷ. ಐದು ಗಂಟೆಯ ರಾತ್ರಿಯಲ್ಲಿ ಒಂದೂ ಕಾಲು ಗಂಟೆಗೂ ಜಾಸ್ತಿ ಸಾಲಿನಲ್ಲೇ ಹೋಯ್ತು. ಇಬ್ಬರನ್ನ ನಿಲ್ಲಿಸಿದ್ರೆ 1,200 ಜಾಸ್ತಿ.

ಟಿಕೆಟ್: 500ರವರೆಗೆ ಜಿಎಸ್‌ಟಿ ವಿನಾಯಿತಿ, ದಾಟಿದ್ರೆ 18%. 600 ಇಟ್ರೆ ಕೈಗೆ ಬರೋದು 508. 499 ಇಟ್ರೆ 499. ಒಂಬತ್ತು ರೂಪಾಯಿ ಆಸೆಗೆ ಕಾಲೇಜು ಹುಡುಗರನ್ನ ಬಾಗಿಲಲ್ಲೇ ಕಳ್ಕೊಂಡವರು ಬಹಳ ಜನ. ಗೆಸ್ಟ್‌ಲಿಸ್ಟ್ ಹತ್ತು ಗಂಟೆಗೆ ಮುಚ್ಚಿ. ಬಿಟ್ಟಿ ಹೆಸರು ಬರೆಸಿದವರಲ್ಲಿ ಅರ್ಧ ಬರೋದೇ ಇಲ್ಲ, ಬಂದ ಅರ್ಧ ಹನ್ನೆರಡಕ್ಕೆ ಬರುತ್ತೆ.

ಧಾರವಾಡ_ಡಬ್:
ಎಲ್ಲಾರೂ ಬಿಪಿಎಂ ಹಿಡ್ಕೊಂಡು ಜಗ್ಯಾಡಾಕತ್ತೀರಿ, ಗಡಿಯಾರ ಯಾರೂ ನೋಡವಲ್ರಿ. ಬರ್ಲಿನ್‌ದಾಗ ಶನಿವಾರ ರಾತ್ರಿ ಚಾಲೂ ಆದದ್ದು ಸೋಮವಾರ ಮುಂಜಾನಿ ತನಕ ಹೋಗ್ತೈತಿ. ಒಬ್ಬಾತ ನಾಲ್ಕು ತಾಸು ಬಾರಿಸ್ತಾನ, 124ರಾಗ ಜನರನ್ನ ಮೆಲ್ಲಕ ಕಾಯಿಸಾಕ ಅವಗ ಪುರಸೊತ್ತೈತಿ. ಇಲ್ಲಿ ಐದು ತಾಸಿಗೆ ಮೂವರು. ಒಂಬತ್ತೂವರೆ ತನಕ ಹಾಲ್ ಖಾಲಿ, ಒಂದಕ್ಕ ಲೈಟ್ ಹತ್ತಬೇಕು. ಕುಣಿಯಾಕ ಸಿಗೂದು ಮೂರೂವರೆ ತಾಸು. ಅದರಾಗ ಕಾಯಿಸೂದು ಯಾವಾಗ, ಕುದಿಸೂದು ಯಾವಾಗ? ಹುಡುಗ್ರು 150 ಕೇಳೂದು ರುಚಿ ಕೆಟ್ಟಲ್ರಿ, ಟೈಮ್ ಇಲ್ಲ ಅಂತ. ಹಗಲು ಪಾರ್ಟಿ, ಕಾಫಿ ಪಾರ್ಟಿ ಹುಟ್ಟಿದ್ದೂ ಅದಕ್ಕ. ಮಧ್ಯಾಹ್ನ ಎರಡರಿಂದ ಹತ್ತರ ತನಕ ಇಟ್ರ ಎಂಟು ತಾಸು ಸಿಗ್ತೈತಿ. ಅಲ್ಲಿ 118ರ ಹೌಸ್‌ಗೂ ಜನ ನಿಲ್ತಾರ.

ಓಂಬೀಚ್_ಮಾವ:
ಕಾಫಿ ಕುಡಿದು ಕುಣಿಯುದು ಅಂಡರ್‌ಗ್ರೌಂಡಾ? ಅದಕ್ಕಿಂತ ಯಕ್ಷಗಾನಕ್ಕೆ ಹೋಗಿ, ಬೆಳಗಿನವರೆಗೆ ಚಹಾ ಸಿಗ್ತದೆ, ಚೆಂಡೆ ನಿಮ್ಮ ಹಾರ್ಡ್ ಟೆಕ್ನೋಕ್ಕಿಂತ ಜೋರು ಬೇರೆ.

ಆಸಿಡ್_ಅನಂತ:
ಅಂಡರ್‌ಗ್ರೌಂಡ್ ಅನ್ನೋ ಪದಕ್ಕೇ ಈಗ ಮಾಲೀಕರಿದ್ದಾರೆ. 2010ರಲ್ಲಿ ಲಂಡನ್‌ನಲ್ಲಿ ವೆಬ್‌ಕ್ಯಾಮ್ ಇಟ್ಟು ಶುರುವಾದ, ಡಿಜೆಗಳ ನೇರಪ್ರಸಾರ ಮಾಡೋ ಬಾಯ್ಲರ್ ರೂಮ್ 2025ರಲ್ಲಿ ಸೂಪರ್‌ಸ್ಟ್ರಕ್ಟ್ ಅನ್ನೋ ಸಂಗೀತೋತ್ಸವ ಕಂಪನಿ ಕೈಗೆ ಹೋಯ್ತು, ಅದರ ಹಿಂದಿರೋದು ಕೆಕೆಆರ್ ಹೂಡಿಕೆ ಸಂಸ್ಥೆ. ಡಿಜೆ ಬೆನ್ನ ಹಿಂದೆ ಜನ ನಿಂತು ಕ್ಯಾಮೆರಾ ನೋಡೋ ಚಟ ಹಬ್ಬಿಸಿದ್ದೇ ಆ ವಿಡಿಯೊಗಳು. ಮೊದಲು ಬೂತ್ ಸುತ್ತ ಹಗ್ಗ ಕಟ್ಟಿ, ಆಮೇಲೆ ಸ್ಟಿಕರ್ ಮಾತು. ಇನ್ನು ಬರ್ಲಿನ್ ಬರ್ಲಿನ್ ಅಂತೀರಲ್ಲ: 2024ರ ಮಾರ್ಚ್‌ನಲ್ಲಿ ಅಲ್ಲಿನ ಟೆಕ್ನೋವನ್ನ ಜರ್ಮನಿಯ ಪರಂಪರೆಯ ಪಟ್ಟಿಗೆ ಸೇರಿಸಿದ್ರು, ಅದೇ ವರ್ಷದ ಕೊನೆಗೆ ಅಲ್ಲಿನ ವಾಟರ್‌ಗೇಟ್ ಕ್ಲಬ್ ಬಾಗಿಲು ಹಾಕ್ತು. ಇಷ್ಟಕ್ಕೂ ನಾವ್ಯಾಕೆ ಅವರನ್ನ ನೋಡ್ಬೇಕು? ಆಸಿಡ್ ಹೌಸ್ ಹುಟ್ಟಿದ್ದೇ ಮುಂಬೈನಲ್ಲಿ. ಬಾಲಿವುಡ್ ವಾದ್ಯಗಾರ ಚರಣ್‌ಜಿತ್ ಸಿಂಗ್, 1982. ರಾಗಗಳನ್ನ ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರದ ಮೇಲೆ ಕೂರಿಸಿದ್ರು. ಷಿಕಾಗೊದವರ 'ಆಸಿಡ್ ಟ್ರ್ಯಾಕ್ಸ್' ರೆಕಾರ್ಡ್ ಬಂದದ್ದು 1987.

ಮುಳ್ಳುಸೂಜಿ:
ಮತ್ತೆ ಅದೇ ಪುರಾಣ. ಮೊದಲು ಬಂದದ್ದು ಬೇರೆ, ಹುಟ್ಟಿಸಿದ್ದು ಬೇರೆ. ಆ ರೆಕಾರ್ಡ್ ಆಗ ಮಾರಾಟವೇ ಆಗಲಿಲ್ಲ, 2010ರಲ್ಲಿ ಮರುಮುದ್ರಣ ಆದ ಮೇಲೆ ಜಗತ್ತಿಗೆ ಗೊತ್ತಾಗಿದ್ದು. ಷಿಕಾಗೊದವರು ಅದನ್ನ ಕೇಳಿ 303 ತಿರುಗಿಸಲಿಲ್ಲ. 1984ಕ್ಕೆ ರೋಲಂಡ್ ನಿಲ್ಲಿಸಿದ ಯಂತ್ರ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತ್ತು, ಅದಕ್ಕೆ ತಿರುಗಿಸಿದ್ರು. ಸಿಂಗ್ ಅದನ್ನ ಗಮಕಕ್ಕೆ ಬಳಸಿದ್ರು, ಸ್ವರದಿಂದ ಸ್ವರಕ್ಕೆ ಜಾರೋ ಗುಣ ಅದಕ್ಕಿತ್ತು. ಷಿಕಾಗೊದವರು ಕಟಾಫ್ ನಾಬ್ (ಸದ್ದಿನ ಹೊಳಪು ಏರಿಳಿಸೋದು) ತಿರುಗಿಸಿ ಕಿರುಚಿಸಿದ್ರು. ಯಂತ್ರ ಒಂದೇ, ಕೆಲಸ ಎರಡು.

ಆಸಿಡ್_ಅನಂತ:
ನಮ್ಮವರು ಮಾಡಿದ್ರೆ ಮಾತ್ರ ನಿಮಗೆ ಷರತ್ತು ನೆನಪಾಗುತ್ತೆ.

ಲೆಕ್ಕದಮೇಷ್ಟ್ರು:
ಇಬ್ಬರೂ ಬೇರೆ ಥ್ರೆಡ್ ತೆಗೀರಿ ಸ್ವಾಮಿ. @ನಿಧಾನ_ನಾಲ್ಕುತಾಳ, ಹಾಲ್‌ನವರ ಹತ್ರ ಪಿಪಿಎಲ್, ಐಪಿಆರ್‌ಎಸ್ (ಸಂಗೀತದ ಹಕ್ಕಿಗೆ ಲೈಸೆನ್ಸ್ ಕೊಡೋ ಸಂಸ್ಥೆಗಳು) ಎರಡರ ಕಾಗದವೂ ಕೇಳಿ. ಒಂದು ರೆಕಾರ್ಡಿಂಗ್‌ಗೆ, ಇನ್ನೊಂದು ರಚನೆಗೆ. ಒಂದಿದ್ರೆ ಇನ್ನೊಂದೂ ಇದೆ ಅಂತ ಅಲ್ಲ. ಸಾರ್ವಜನಿಕ ಮನರಂಜನೆಯ ಲೈಸೆನ್ಸ್ ಬೇರೆ: 2005ರ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಇಂದಿರಾನಗರದಲ್ಲಿ ಎಷ್ಟು ವೇದಿಕೆ ಮೌನವಾದ್ವು ಅನ್ನೋದು ನೆನಪಿರಲಿ.

ಕೋಣೆ_ಅಳೆಯುವವಳು:
ಕೇಳಿದ ಹಾಲ್ ಬಗ್ಗೆ ಯಾರೂ ಹೇಳಿಲ್ಲ. ಎತ್ತರ 11 ಅಡಿ ಅಂದ್ರೆ 3.35 ಮೀಟರ್, ನೆಲ-ಸೂರಿನ ನಡುವಿನ ಮೊದಲ ಅನುರಣನ 51 ಹರ್ಟ್ಸ್. ಟೆಕ್ನೋ ಕಿಕ್‌ನ ಬುಡ ಕೂರೋದು ಅಲ್ಲೇ. ಈ ಅನುರಣನದ ಒತ್ತಡ ನೆಲದಲ್ಲೂ ಸೂರಲ್ಲೂ ಗರಿಷ್ಠ, ಮಧ್ಯದಲ್ಲಿ, ಅಂದ್ರೆ ಐದೂವರೆ ಅಡಿಯಲ್ಲಿ, ಕನಿಷ್ಠ. ನಿಂತವರ ಕಿವಿ ಇರೋ ಎತ್ತರ ಅದೇ. ಕುಣಿಯೋರಿಗೆ ಕಿಕ್ ಸಪ್ಪೆ, ಡಿಜೆ ಇನ್ನೂ ಏರಿಸ್ತಾರೆ, ಕೆಳಗಿನ ಮಹಡಿಯವರಿಗೆ ಪೂರ್ತಿ ಊಟ. ಪೊಲೀಸರ ಮೀಟರ್ ಡಿಬಿ-ಎ (ಕಿವಿಗೆ ಕೇಳೋ ಹಾಗೆ ತೂಗಿದ ಡೆಸಿಬಲ್) ತೋರಿಸುತ್ತೆ. ಆ ತೂಕದಲ್ಲಿ 50 ಹರ್ಟ್ಸ್ ಸದ್ದು 30 ಡಿಬಿ ಕಡಿಮೆ ಆಗಿ ಕಾಣುತ್ತೆ. ಅಂಕಿ ಸರಿ ಇದ್ರೂ ಪಕ್ಕದ ಮನೆಯ ಪಾತ್ರೆ ಅದುರೋದು ಅದಕ್ಕೇ.

124ರಲ್ಲಿ ಬೀಟ್‌ನಿಂದ ಬೀಟ್‌ಗೆ 484 ಮಿಲಿಸೆಕೆಂಡ್, 150ರಲ್ಲಿ 400. ಗಾಜಿನ ಹಾಲ್‌ನಲ್ಲಿ ಬಾಲ ಸಾಯೋ ಮುಂಚೆಯೇ ಮುಂದಿನ ಕಿಕ್ ಬರುತ್ತೆ, ಎಲ್ಲ ಮುದ್ದೆ. ಗಾಜಿಗೆ ದಪ್ಪ ಪರದೆ ಹಾಕಿ, ಒಂದಕ್ಕೆರಡು ಅಗಲ ಬಟ್ಟೆ ನೆರಿಗೆ ಹಿಡಿದು, ಗಾಜಿನಿಂದ ಅರ್ಧ ಅಡಿ ಈಚೆಗೆ. ಅದು ಹ್ಯಾಟ್, ಕ್ಲ್ಯಾಪ್ ಥರದ ತೆಳು ಸದ್ದುಗಳನ್ನ ತಿಳಿಯಾಗಿಸುತ್ತೆ, ಬೇಸ್‌ಗೆ ಏನೂ ಮಾಡಲ್ಲ. ಬೇಸ್‌ಗೆ ಮೂರನೇ ಸಬ್ ಬಾಡಿಗೆಗೆ ತಂದು ಕಾರ್ಡಿಯಾಯ್ಡ್ (ಬೇಸ್ ಹಿಂದಕ್ಕೆ ಹೋಗದ ಜೋಡಣೆ) ಮಾಡಿ: ಎರಡು ಮುಂದಕ್ಕೆ, ನಡುವಿನದು ಹಿಂದಕ್ಕೆ ತಿರುಗಿಸಿ, ಪೊಲಾರಿಟಿ ಉಲ್ಟಾ, ಬಾಕ್ಸ್‌ನ ಆಳಕ್ಕೆ ತಕ್ಕ ಡಿಲೇ, ಮೀಟರಿಗೆ 2.9 ಮಿಲಿಸೆಕೆಂಡ್. ಗೋಡೆಯಿಂದ ಮೂರಡಿ ಆದ್ರೂ ಬಿಡಿ, ಇಲ್ಲದಿದ್ರೆ ಕೆಲಸ ಮಾಡಲ್ಲ. ಇಷ್ಟು ಮಾಡಿ 136-138ಕ್ಕೆ ನಿಲ್ಲಿ. 150 ಆ ಕೋಣೆಗೆ ಹೊಂದಲ್ಲ.

ನಿಧಾನ_ನಾಲ್ಕುತಾಳ:
ಥ್ಯಾಂಕ್ಸ್ ಮೇಡಂ. ಸಬ್ ಈಗ ಗೋಡೆಗೇ ಅಂಟಿಕೊಂಡಿವೆ. ಮೂರಡಿ ಈಚೆ ತಂದ್ರೆ ಹದಿನೈದು ಜನರ ಜಾಗ ಹೋಗುತ್ತೆ. 499 ಲೆಕ್ಕದಲ್ಲಿ 7,485.

ಸುಟ್ಟಕಾಯಿಲ್:
ರೀಕೋನ್ 7,800.

ಮುಳ್ಳುಸೂಜಿ:
138 ಬೇಕಂದ್ರೆ 128ರ ರೆಕಾರ್ಡ್‌ಗೆ +8 ಸಾಕು. ಎಂಕೆ7 ಬೇಡ, ಹದಿನಾರೂ ಬೇಡ. ಎಂಬತ್ತರ ದಶಕದ ಬೆಲ್ಜಿಯಂನವರು ನಿಮಿಷಕ್ಕೆ 45 ಸುತ್ತಿನ ರೆಕಾರ್ಡ್‌ನ 33ರಲ್ಲಿ ಹಾಕಿ, +8 ತಳ್ಳಿ ನ್ಯೂ ಬೀಟ್ ಅಂತ ಒಂದು ಪ್ರಕಾರವನ್ನೇ ಎಬ್ಬಿಸಿದ್ರು. 150ರದ್ದು 120 ಆಗುತ್ತೆ. ಹುಡುಗರ ಹಾರ್ಡ್ ಟೆಕ್ನೋನ ಹಾಗೆ ಹಾಕಿ ನೋಡಿ.

ಆಸಿಡ್_ಅನಂತ:
ನ್ಯೂ ಬೀಟ್ ಹುಟ್ಟಿಸಿದ್ದು ಬೆಲ್ಜಿಯಂನವರು ಅನ್ನೋಕೆ ಮಾತ್ರ ನಿಮಗೆ ಷರತ್ತಿಲ್ಲ.